ಹಾಡು ಬಂತು, ವಾದ್ಯಗಳು ಬರಲಿಲ್ಲ: ಹಳೆಯ ಅಮಿಗಾ ಟ್ರ್ಯಾಕರ್‌ನಲ್ಲಿ ದೋಷ ಹುಡುಕುವ ಕ್ರಮ

ಅಮಿಗಾ ಕಂಪ್ಯೂಟರಿನ ಟ್ರ್ಯಾಕರ್‌ನಲ್ಲಿ, ಅಂದರೆ ಸ್ವರಗಳನ್ನು ಸಾಲು ಸಾಲಾಗಿ ಬರೆದು ಹಾಡು ಕಟ್ಟುವ ಪ್ರೋಗ್ರಾಂನಲ್ಲಿ, ಹಳೆಯ ಹಾಡೊಂದನ್ನು ತೆರೆಯುತ್ತೀರಿ. ಸ್ವರಗಳ ಸಾಲು ಪರದೆಯ ಮೇಲೆ ಶಿಸ್ತಾಗಿ ಉರುಳುತ್ತದೆ, ಸದ್ದು ಮಾತ್ರ ಹೊರಡುವುದಿಲ್ಲ. ಇಲ್ಲವೇ ಡ್ರಮ್ ಬಾರಿಸಬೇಕಾದ ಕಡೆ ಗರಗಸ ಎಳೆದಂತಾಗುತ್ತದೆ. ಪ್ರೋಗ್ರಾಂ ಕೆಟ್ಟಿದೆಯೆಂದು ಬೇರೆ ಆವೃತ್ತಿ ಹುಡುಕಲು ಹೊರಡುವವರೇ ಹೆಚ್ಚು. ಹೊಸ ಆವೃತ್ತಿಯಲ್ಲೂ ಅವರಿಗೆ ಸಿಗುವುದು ಸಾಮಾನ್ಯವಾಗಿ ಅದೇ ಮೌನ. ಮೊದಲು ವಾದ್ಯದ ವಿಳಾಸ, ಆಮೇಲೆ ಅದರ ರೂಪ, ಆಮೇಲೆ ಮೆಮೊರಿ. ಅಸಲಿ ಯಂತ್ರವಿರಲಿ, ಅದನ್ನು ಅನುಕರಿಸುವ ಎಮ್ಯುಲೇಟರ್ ಇರಲಿ, ಪರಿಶೀಲನೆ ಇದೇ ಕ್ರಮದಲ್ಲಿ ನಡೆಯಬೇಕು. ಡಿಸ್ಕ್‌ನ ಒಂದು ಪ್ರತಿ ಮಾಡಿಕೊಳ್ಳಿ, ಮೂಲ ಫ್ಲಾಪಿಯ ಮೂಲೆಯ ಕಿಂಡಿಯನ್ನು ತೆರೆದಿಟ್ಟು ಅದರ ಮೇಲೆ ಏನೂ ಬರೆಯದಂತೆ ಮಾಡಿ, ಆಮೇಲೆ ಕೈಹಾಕಿ.

ಹಾಡೋ, ಮಾಡ್ಯೂಲೋ?

ಕಾರ್ಸ್ಟನ್ ಒಬಾರ್ಸ್ಕಿ ಬರೆದ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ 1987ರಲ್ಲಿ ಬಂದಾಗ ಅದರ ಜೊತೆಗೆ ‘ಎಸ್‌ಟಿ-01’ ಎಂಬ ವಾದ್ಯಗಳ ಡಿಸ್ಕ್ ಇತ್ತು. ಅಮಿಗಾ ಫ್ಲಾಪಿಯಲ್ಲಿ ಹಿಡಿಸುತ್ತಿದ್ದುದು 880 ಕಿಲೋಬೈಟ್. ಪ್ರತಿ ಹಾಡಿನೊಳಗೂ ಅದೇ ಡ್ರಮ್ಮು, ಅದೇ ಪಿಯಾನೋ ತುಂಬುವುದು ದುಂದು. ಹಾಗಾಗಿ ‘ಸಾಂಗ್’ ಎಂದು ಉಳಿಸಿದ ಫೈಲಿನಲ್ಲಿ ಸ್ವರಗಳು ಮತ್ತು ವಾದ್ಯಗಳ ಹೆಸರುಗಳಷ್ಟೇ ಇರುತ್ತಿದ್ದವು. ವಾದ್ಯದ ಧ್ವನಿ ಬೇರೆ ಡಿಸ್ಕ್‌ನಲ್ಲಿ. ‘ಮಾಡ್ಯೂಲ್’ ಎಂದು ಉಳಿಸಿದರೆ ಮಾತ್ರ ಧ್ವನಿಯೂ ಅದೇ ಫೈಲಿನೊಳಗೆ ಸೇರುತ್ತದೆ.

ಇದನ್ನು ತಿಳಿಯಲು ಫೈಲಿನ ಗಾತ್ರ ನೋಡಿದರೆ ಸಾಕು. ಕೆಲವೇ ಕಿಲೋಬೈಟ್ ಇದ್ದರೆ ಅದು ಬಹುತೇಕ ಸಾಂಗ್. ನೂರರ ಆಸುಪಾಸಿನಲ್ಲಿದ್ದರೆ ಮಾಡ್ಯೂಲ್. ಸಾಂಗ್ ಆಗಿದ್ದರೆ ವಾದ್ಯಗಳ ಪಟ್ಟಿಯನ್ನು ಓದಿ. ಹೆಸರಿನ ಮೊದಲಲ್ಲಿ ‘ಎಸ್‌ಟಿ-01:’ ಎಂದು ಕೋಲನ್ ಸಮೇತ ಇದ್ದರೆ, ಆ ಹೆಸರಿನ ಡಿಸ್ಕ್ ಸಿಗುವವರೆಗೂ ಅಮಿಗಾ ಅದನ್ನೇ ಕೇಳುತ್ತಿರುತ್ತದೆ.

ಇಲ್ಲಿ ಒಂದು ಬಲೆಯಿದೆ. ಅಮಿಗಾ ನೋಡುವುದು ಡಿಸ್ಕ್‌ನ ಆಂತರಿಕ ಹೆಸರನ್ನು. ಅದು ಯಾವ ಡ್ರೈವ್‌ನಲ್ಲಿದೆ, ಮೇಲೆ ಅಂಟಿಸಿದ ಚೀಟಿಯಲ್ಲಿ ಏನಿದೆ ಎಂಬುದು ಅದಕ್ಕೆ ಬೇಡ. ವರ್ಕ್‌ಬೆಂಚ್‌ನಲ್ಲಿ, ಅಂದರೆ ಅಮಿಗಾದ ಡೆಸ್ಕ್‌ಟಾಪ್‌ನಲ್ಲಿ, ಡಿಸ್ಕ್ ನಕಲು ಮಾಡಿದರೆ ಹೊಸದರ ಹೆಸರು ‘ಕಾಪಿ ಆಫ್ ಎಸ್‌ಟಿ-01’ ಎಂದಾಗುತ್ತದೆ. ಒಳಗಿನ ಫೈಲುಗಳೆಲ್ಲ ಸರಿಯಾಗಿಯೇ ಇದ್ದರೂ ಟ್ರ್ಯಾಕರ್‌ಗೆ ಅದು ಬೇರೆ ಡಿಸ್ಕ್. ವರ್ಕ್‌ಬೆಂಚ್‌ನ ರೀನೇಮ್ ಬಳಸಿ ಹೆಸರು ತಿದ್ದಿ, ಮತ್ತೆ ತೆರೆಯಿರಿ. ‘ವಾದ್ಯ ಸಿಗುತ್ತಿಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ.

ಹಾರ್ಡ್‌ಡಿಸ್ಕ್‌ನಲ್ಲಿ ವಾದ್ಯಗಳಿದ್ದರೆ

ಆಗ ಅಸೈನ್ ಆಜ್ಞೆ ಬೇಕು. ಆಜ್ಞೆಗಳನ್ನು ಟೈಪ್ ಮಾಡುವ ಶೆಲ್ ಕಿಟಕಿ ತೆರೆದು ‘ಅಸೈನ್’ ಎಂದು ಬರೆಯಿರಿ. ಜಾಗ ಬಿಟ್ಟು ಕೋಲನ್ ಸಮೇತ ಡಿಸ್ಕ್‌ನ ಹೆಸರು. ಮತ್ತೆ ಜಾಗ ಬಿಟ್ಟು, ವಾದ್ಯಗಳನ್ನು ಇಟ್ಟಿರುವ ಫೋಲ್ಡರಿನ ಪೂರ್ಣ ಹಾದಿ. ಅಲ್ಲಿಂದ ಮುಂದೆ ಆ ಫೋಲ್ಡರೇ ಎಸ್‌ಟಿ-01 ಎಂದು ಯಂತ್ರ ಒಪ್ಪಿಕೊಳ್ಳುತ್ತದೆ. ಫೋಲ್ಡರ್ ಮೊದಲೇ ಇರಬೇಕು. ಯಂತ್ರವನ್ನು ಮರುಚಾಲನೆ ಮಾಡಿದರೆ ಅಸೈನ್ ಅಳಿಸಿಹೋಗುತ್ತದೆ; ಕಾಯಂ ಆಗಬೇಕಾದರೆ ಆ ಸಾಲನ್ನು ಯಂತ್ರ ಶುರುವಾಗುವಾಗ ಓದುವ ಸ್ಟಾರ್ಟಪ್-ಸೀಕ್ವೆನ್ಸ್ ಫೈಲಿನಲ್ಲಿ ಸೇರಿಸಿ, ವರ್ಕ್‌ಬೆಂಚ್ 2 ಅಥವಾ ಅದರ ನಂತರದ್ದಾದರೆ ಯೂಸರ್-ಸ್ಟಾರ್ಟಪ್‌ನಲ್ಲಿ. ದೊಡ್ಡಕ್ಷರ ಸಣ್ಣಕ್ಷರದ ಚಿಂತೆ ಬೇಡ, ಅಮಿಗಾಡಾಸ್ ಫೈಲಿನ ಹೆಸರಿನಲ್ಲಿ ಆ ಭೇದ ಎಣಿಸುವುದಿಲ್ಲ. ಎಮ್ಯುಲೇಟರ್‌ನಲ್ಲೂ ಫೋಲ್ಡರೊಂದನ್ನು ಹಾರ್ಡ್‌ಡಿಸ್ಕ್ ಆಗಿ ಜೋಡಿಸಿ ಇದೇ ಉಪಾಯ ಮಾಡಬಹುದು.

ಎರಡು ಫೈಲುಗಳ ಜೋಡಿಯಾಗಿಯೇ ಬದುಕುವ ಸಂಗೀತವೂ ಇದೆ. ಟಿಎಫ್‌ಎಂಎಕ್ಸ್ ಎಂಬ ಸಂಗೀತ ರೂಪದಲ್ಲಿ ಸ್ವರಗಳು ‘ಎಂಡ್ಯಾಟ್’ ಎಂದು ಶುರುವಾಗುವ ಫೈಲಿನಲ್ಲಿ, ಧ್ವನಿಗಳು ‘ಎಸ್‌ಎಂಪಿಎಲ್’ ಎಂದು ಶುರುವಾಗುವ ಫೈಲಿನಲ್ಲಿ. ಸ್ಟಾರ್‌ಟ್ರೆಕ್ಕರ್ ಎಂಬ ಟ್ರ್ಯಾಕರ್‌ನ ಸಂಶ್ಲೇಷಿತ ವಾದ್ಯಗಳು ‘ಎನ್‌ಟಿ’ ಬಾಲವಿರುವ ಪಕ್ಕದ ಫೈಲಿನಲ್ಲಿ. ಒಂದನ್ನು ಮಾತ್ರ ನಕಲು ಮಾಡಿ ತಂದಿದ್ದರೆ ಇನ್ನೊಂದನ್ನು ಹುಡುಕುವುದು ಬಿಟ್ಟು ಬೇರೆ ಔಷಧಿಯಿಲ್ಲ.

ಮಾಡ್ಯೂಲಿನ ಲೆಕ್ಕ ತಾಳೆ ನೋಡಿ

ಮಾಡ್ಯೂಲ್ ಆಗಿದ್ದೂ ವಾದ್ಯಗಳು ಮೌನವಾಗಿದ್ದರೆ ಮೊದಲು ಉದ್ದದ ಅಂಕಣ ನೋಡಿ. ಉದ್ದ ಸೊನ್ನೆಯಿದ್ದು ಹೆಸರಿನ ಜಾಗದಲ್ಲಿ ವಾಕ್ಯವೋ ವಂದನೆಯೋ ಇದ್ದರೆ ಗಾಬರಿ ಬೇಡ. ಪ್ರತಿ ಹೆಸರಿಗೆ 22 ಅಕ್ಷರಗಳ ಜಾಗವಿತ್ತು, ಖಾಲಿ ಉಳಿದ ಸಾಲುಗಳನ್ನು ಸಂಗೀತಗಾರರು ಗೆಳೆಯರಿಗೆ ಸಂದೇಶ ಬರೆಯಲು ಬಳಸಿಕೊಂಡರು. ಅಲ್ಲಿ ಕಳೆದುಹೋದ ವಾದ್ಯ ಯಾವುದೂ ಇಲ್ಲ.

ಪಟ್ಟಿಯ ಕೊನೆಯ ವಾದ್ಯಗಳು ಮಾತ್ರ ಅರ್ಧಕ್ಕೆ ನಿಲ್ಲುತ್ತಿದ್ದರೆ ಫೈಲು ತುಂಡಾಗಿದೆ ಎಂದು ಅನುಮಾನಿಸಿ, ಏಕೆಂದರೆ ಧ್ವನಿಗಳೆಲ್ಲ ಫೈಲಿನ ತುದಿಯಲ್ಲಿ ಒಂದರ ಹಿಂದೊಂದು ಕುಳಿತಿರುತ್ತವೆ. ಅನುಮಾನ ಪರಿಹರಿಸುವ ಲೆಕ್ಕ ಸುಲಭ. 31 ವಾದ್ಯಗಳ ಮಾಡ್ಯೂಲಿನ ತಲೆಭಾಗ 1,084 ಬೈಟ್, ನಾಲ್ಕು ಚಾನೆಲ್‌ಗಳ ಪ್ರತಿ ಪ್ಯಾಟರ್ನ್ (ಸ್ವರಗಳ ಒಂದು ಪುಟ) 1,024 ಬೈಟ್. 20 ಪ್ಯಾಟರ್ನ್‌ಗಳಿದ್ದು ವಾದ್ಯಗಳ ಒಟ್ಟು ಉದ್ದ 1,20,000 ಬೈಟ್ ಆದರೆ ಫೈಲು 1,41,564 ಬೈಟ್ ಇರಬೇಕು. ನಂತರದ ಟ್ರ್ಯಾಕರ್ ಆದ ಪ್ರೋಟ್ರ್ಯಾಕರ್ ಉದ್ದವನ್ನು ಹದಿನಾರರ ಲೆಕ್ಕದ ಹೆಕ್ಸಾಡೆಸಿಮಲ್‌ನಲ್ಲಿ ತೋರಿಸುತ್ತದೆ, ಕೂಡುವ ಮೊದಲು ದಶಮಾನಕ್ಕೆ ಬದಲಿಸಿಕೊಳ್ಳಿ. ಕಡಿಮೆ ಬಂದರೆ ವರ್ಗಾವಣೆ ನಡುವೆ ನಿಂತಿದೆ ಅಥವಾ ಫ್ಲಾಪಿ ಸವೆದಿದೆ. ಕೆಲವೇ ಬೈಟ್‌ಗಳ ವ್ಯತ್ಯಾಸವಿದ್ದು ಎಲ್ಲ ವಾದ್ಯಗಳೂ ಕಲಸಿಹೋಗಿದ್ದರೆ, ಯಾರೋ ಅದನ್ನು ಪಠ್ಯದ ಫೈಲಿನಂತೆ ವರ್ಗಾಯಿಸಿರಬಹುದು. ಬೈನರಿ ವಿಧಾನದಲ್ಲಿ ಮತ್ತೆ ತನ್ನಿ. ಫೈಲಿನ ಮೊದಲ ನಾಲ್ಕು ಅಕ್ಷರ ‘ಪಿಪಿ20’ ಆಗಿದ್ದರೆ ಅದು ಪವರ್‌ಪ್ಯಾಕರ್‌ನಿಂದ ಒತ್ತಿ ಕಿರಿದಾಗಿಸಿದ್ದು. ಅದನ್ನು ಬಿಚ್ಚುವವರೆಗೆ ಯಾವ ಲೆಕ್ಕವೂ ತಾಳೆಯಾಗದು.

15 ಮತ್ತು 31ರ ನಡುವಿನ ತೊಡಕು ಬೇರೆ ಬಗೆಯದು. ಮೊದಲ ಟ್ರ್ಯಾಕರ್‌ನಲ್ಲಿ 15 ವಾದ್ಯಗಳಷ್ಟೇ ಇದ್ದವು. ಸಂಖ್ಯೆ 31ಕ್ಕೆ ಏರಿದ ಮೇಲೆ, 1,080 ಬೈಟ್‌ಗಳ ನಂತರ ‘ಎಂ.ಕೆ.’ ಎಂಬ ಗುರುತು ಬರೆಯುವ ರೂಢಿ ಬಂತು. 15ರ ಫೈಲಿನಲ್ಲಿ ಆ ಗುರುತಿಲ್ಲ, ತಲೆಭಾಗವೂ 600 ಬೈಟ್‌ಗೇ ಮುಗಿಯುತ್ತದೆ. 31ನ್ನೇ ನಿರೀಕ್ಷಿಸುವ ಪ್ರೋಗ್ರಾಂ ಅಂಥ ಫೈಲಿನ ಸ್ವರಗಳನ್ನು ವಾದ್ಯಗಳ ವಿವರವೆಂದು ಓದಿ ಪರದೆಯಲ್ಲಿ ಕಸ ತುಂಬಿಸುತ್ತದೆ. ಎರಡನ್ನೂ ಬಲ್ಲ ಪ್ರೋಗ್ರಾಂನಲ್ಲಿ ತೆರೆದು 31ರ ರೂಪದಲ್ಲಿ ಉಳಿಸಿಕೊಳ್ಳುವುದೇ ದಾರಿ. ಒಬಾರ್ಸ್ಕಿಯ ಮೂಲ ಆವೃತ್ತಿ ಪುನರಾವರ್ತನೆ ಶುರುವಾಗುವ ಜಾಗವನ್ನು ಬೈಟ್‌ಗಳಲ್ಲಿ ಎಣಿಸಿದರೆ, ನಂತರದವು ಎರಡು ಬೈಟ್‌ಗಳ ಜೋಡಿಯಲ್ಲಿ ಎಣಿಸಿದವು. ಆದ್ದರಿಂದ ಎಳೆದಾಡುವ ಪಿಟೀಲು, ಆರ್ಗನ್‌ಗಳು ತಪ್ಪು ಜಾಗದಲ್ಲಿ ಸುತ್ತತೊಡಗಿದರೆ ಆ ಸಂಖ್ಯೆಯನ್ನು ಅರ್ಧ ಅಥವಾ ದುಪ್ಪಟ್ಟು ಮಾಡಿ ಕೇಳಿ.

ಸದ್ದನ್ನೇ ಸಾಕ್ಷಿಯಾಗಿ ಕೇಳಿ

ಬಿಡಿ ವಾದ್ಯವನ್ನು ತೆರೆದಾಗ ಸದ್ದು ಕೆಟ್ಟಿದ್ದರೆ, ಕೆಟ್ಟ ಬಗೆಯೇ ಕಾರಣವನ್ನು ಹೇಳುತ್ತದೆ. ಆರಂಭದಲ್ಲಿ ಒಂದು ‘ಟಿಕ್’, ನಂತರ ಎಲ್ಲ ಸರಿ: ಫೈಲಿನ ತಲೆಭಾಗವನ್ನೂ ಪ್ರೋಗ್ರಾಂ ಧ್ವನಿಯೆಂದು ಓದಿದೆ. ಎಲೆಕ್ಟ್ರಾನಿಕ್ ಆರ್ಟ್ಸ್ 1985ರಲ್ಲಿ ರೂಪಿಸಿದ ಐಎಫ್‌ಎಫ್ ಎಂಬ ಫೈಲು ಪದ್ಧತಿಯ 8ಎಸ್‌ವಿಎಕ್ಸ್ ಧ್ವನಿ ಫೈಲನ್ನು ಬರಿಯ ಧ್ವನಿ ಎಂದು ತೆರೆದರೆ ಹೀಗಾಗುತ್ತದೆ. ಐಎಫ್‌ಎಫ್ ಅರಿಯುವ ಆವೃತ್ತಿಯಲ್ಲಿ ತೆರೆಯಿರಿ, ಇಲ್ಲವೇ ಧ್ವನಿ ತಿದ್ದುವ ಸ್ಯಾಂಪಲ್ ಎಡಿಟರ್‌ನಲ್ಲಿ ಆ ತುಣುಕನ್ನು ಕತ್ತರಿಸಿ. ಶುರುವಿನಿಂದ ಕೊನೆಯವರೆಗೆ ಬರೀ ಭೋರ್ಗರೆತವಿದ್ದು ಉದ್ದವೂ ಅರ್ಧವಾಗಿದ್ದರೆ, ಆ 8ಎಸ್‌ವಿಎಕ್ಸ್ ಒಳಗೆ ಫಿಬೊನಾಚಿ ಡೆಲ್ಟಾ ಸಂಕುಚನವಿರಬಹುದು. ಕತ್ತರಿಸುವುದರಿಂದ ಪ್ರಯೋಜನವಿಲ್ಲ, ಪರಿವರ್ತಿಸಲೇಬೇಕು.

ವಾದ್ಯ ಗುರುತು ಸಿಗುತ್ತದೆ, ಆದರೆ ಮೇಲೆ ಮರಳುಕಾಗದ ಉಜ್ಜಿದ ಸದ್ದು: ಇದು ಪಿಸಿಯಿಂದ ಬಂದ ಧ್ವನಿಯ ಲಕ್ಷಣ. 8 ಬಿಟ್‌ನ ವೇವ್ ಫೈಲಿನಲ್ಲಿ ನಿಶ್ಶಬ್ದದ ಬೆಲೆ 128, ಅಮಿಗಾದಲ್ಲಿ ಸೊನ್ನೆ. ಪ್ರತಿ ಬೈಟ್‌ನ ಮೇಲಿನ ಬಿಟ್ ತಿರುಗಿಸಿದರೆ ಸದ್ದು ತಿಳಿಯಾಗುತ್ತದೆ. ವಾದ್ಯ ಒಂದು ಸ್ಥಾಯಿ ಕೆಳಗಿಳಿದು ಹಿಸ್ಸೆನ್ನುತ್ತಿದ್ದರೆ ಅದು 16 ಬಿಟ್ ಧ್ವನಿ. 8 ಬಿಟ್‌ಗೆ ಇಳಿಸಿ ತನ್ನಿ. ಸದ್ದು ಶುದ್ಧವಾಗಿದ್ದೂ ಶ್ರುತಿ ಮಾತ್ರ ಬಿದ್ದುಹೋಗಿದ್ದರೆ ಫೈಲಿನಲ್ಲಿ ದೋಷವಿಲ್ಲ. ಪಾಲ್ ಟಿವಿ ಪದ್ಧತಿಯ ಯಂತ್ರದಲ್ಲಿ ಪ್ರೋಟ್ರ್ಯಾಕರ್‌ನ ಸಿ-2 ಸ್ವರ ಸೆಕೆಂಡಿಗೆ ಸುಮಾರು 8,287 ಸ್ಯಾಂಪಲ್‌ಗಳ ವೇಗದಲ್ಲಿ, ಸಿ-3 ಅದರ ಇಮ್ಮಡಿಯಲ್ಲಿ ನುಡಿಯುತ್ತದೆ. ಸೆಕೆಂಡಿಗೆ 22,050 ಸ್ಯಾಂಪಲ್‌ಗಳ ಧ್ವನಿಯನ್ನು ಹಾಗೆಯೇ ತಂದರೆ ಎರಡರಲ್ಲೂ ತಗ್ಗಿ ಕೇಳುವುದು ಸಹಜ.

‘ಮೆಮೊರಿ ಸಾಲದು’ ಎಂದರೆ

ಧ್ವನಿ ನುಡಿಸುವ ಪೌಲಾ ಚಿಪ್‌ಗೆ ಕೈಗೆಟಕುವುದು ಮೆಮೊರಿಯ ‘ಚಿಪ್ ಮೆಮೊರಿ’ ಎಂಬ ಭಾಗ ಮಾತ್ರ. ಆರಂಭದ ಅಮಿಗಾ 500ರಲ್ಲಿ ಅದು 512 ಕಿಲೋಬೈಟ್. ಹೊಟ್ಟೆಯ ಕೆಳಗಿನ ಕಿಂಡಿಯಲ್ಲಿ ಇನ್ನೊಂದು 512 ಹಾಕಿಸಿ ವರ್ಕ್‌ಬೆಂಚ್ ಒಟ್ಟಾರೆ ಹೆಚ್ಚು ತೋರಿಸಿದರೂ ಆ ಹೆಚ್ಚುವರಿ ಭಾಗ ವಾದ್ಯಗಳಿಗೆ ಸಾಮಾನ್ಯವಾಗಿ ಒದಗುವುದಿಲ್ಲ. ಶೆಲ್‌ನಲ್ಲಿ ‘ಅವೇಲ್’ ಎಂದು ಕೊಟ್ಟು ಚಿಪ್ ಸಾಲನ್ನು ಓದಿ. ಅದರಲ್ಲೂ ‘ಲಾರ್ಜೆಸ್ಟ್’ ಅಂಕಣವನ್ನು. ಒಂದು ವಾದ್ಯಕ್ಕೆ ಎಡೆಬಿಡದ ಒಂದೇ ತುಂಡು ಜಾಗ ಬೇಕು. ಚೂರು ಚೂರಾಗಿ ಎಷ್ಟಿದ್ದರೂ ಉಪಯೋಗವಿಲ್ಲ. ಯಂತ್ರವನ್ನು ಮರುಚಾಲನೆ ಮಾಡಿ, ವರ್ಕ್‌ಬೆಂಚ್ ತೆರೆಯದೆ ನೇರ ಟ್ರ್ಯಾಕರ್‌ಗೆ ಹೋಗಿ, ಅತಿ ದೊಡ್ಡ ವಾದ್ಯವನ್ನು ಮೊದಲು ತುಂಬಿ. ಹೊರಗಿನ ಫ್ಲಾಪಿ ಡ್ರೈವ್ ಕಳಚಿಟ್ಟರೆ ಅದು ಹಿಡಿದಿದ್ದ ಜಾಗವೂ ಬಿಡುವಾಗುತ್ತದೆ. ಎಮ್ಯುಲೇಟರ್ ಬಳಸುವವರು ಸೆಟ್ಟಿಂಗ್‌ನಲ್ಲಿ ಚಿಪ್ ಮೆಮೊರಿಯನ್ನು 2 ಮೆಗಾಬೈಟ್‌ಗೆ ಏರಿಸಿ ಮುಂದೆ ಸಾಗಬಹುದು. ಶುದ್ಧತಾವಾದಿಗಳು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಉಳಿಯುವುದು ಒಂದು ಸಣ್ಣ ಕಿರಿಕಿರಿ: ವಾದ್ಯ ನುಡಿದು ಮುಗಿದ ಮೇಲೂ ತೆಳ್ಳಗೆ ಗುಂಯ್‌ಗುಡುವುದು. ಪುನರಾವರ್ತನೆಯಿಲ್ಲದ ವಾದ್ಯ ಮುಗಿದ ಬಳಿಕ ಪೌಲಾ ಸುಮ್ಮನಿರುವುದಿಲ್ಲ. ಧ್ವನಿಯ ಮೊದಲ ಎರಡು ಬೈಟ್‌ಗಳನ್ನೇ ಮತ್ತೆ ಮತ್ತೆ ಓದುತ್ತಿರುತ್ತದೆ. ಅವೆರಡನ್ನೂ ಸೊನ್ನೆ ಮಾಡಿ. ಬಳಿಕ ‘ಮಾಡ್ಯೂಲ್’ ಎಂದೇ ಬೇರೆ ಹೆಸರಿನಲ್ಲಿ ಉಳಿಸಿ, ಯಂತ್ರ ಆಫ್ ಮಾಡಿ ಮತ್ತೆ ಶುರುಮಾಡಿ, ಎಸ್‌ಟಿ-01 ಡಿಸ್ಕ್ ಹಾಕದೆ ತೆರೆದು ನೋಡಿ. ಡಿಸ್ಕ್ ಕೇಳದೆ ನುಡಿದರೆ ವಾದ್ಯಗಳು ಫೈಲಿನೊಳಗೆ ಸೇರಿವೆ.