ನಡುವೆ ರುಥೇನಿಯಂ, ಆಚೀಚೆ ಕಾಂತಪದರ: ಕಂಪ್ಯೂಟರಿನಲ್ಲಿ ಕಟ್ಟುವುದು ಹೇಗೆ?

ಹಾರ್ಡ್ ಡಿಸ್ಕಿನ ರೀಡ್ ಹೆಡ್‌ನಲ್ಲೂ ಎಂ-ರ‍್ಯಾಮ್ ಎಂಬ ಕಾಂತೀಯ ಮೆಮೊರಿ ಚಿಪ್‌ಗಳಲ್ಲೂ ಸಾಮಾನ್ಯವಾಗಿ ಕಾಣುವ ಒಂದು ಜೋಡಿ ಇದೆ: ಕೋಬಾಲ್ಟ್ ಮಿಶ್ರಲೋಹದ ಎರಡು ತೆಳು ಪದರ, ನಡುವೆ ಒಂದು ನ್ಯಾನೋಮೀಟರಿನ ಆಸುಪಾಸಿನ ರುಥೇನಿಯಂ. ರುಥೇನಿಯಂ ದಪ್ಪ ಸರಿಯಾಗಿ ಕೂತರೆ ಒಂದು ಪದರದ ಕಾಂತತ್ವ ಪೂರ್ವಕ್ಕೆ ಮುಖ ಮಾಡಿದಾಗ ಇನ್ನೊಂದು ಪಶ್ಚಿಮಕ್ಕೆ ತಿರುಗಿ ನಿಲ್ಲುತ್ತದೆ. ಇಂಥ ವಿರುದ್ಧ ಜೋಡಣೆಯನ್ನು ಕಬ್ಬಿಣ-ಕ್ರೋಮಿಯಂ ಪದರಗಳಲ್ಲಿ ಪೀಟರ್ ಗ್ರುನ್‌ಬರ್ಗ್ ತಂಡ 1986ರಲ್ಲಿ ಕಂಡಿತು. ಅದರ ಬೆನ್ನಿಗೇ 1988ರಲ್ಲಿ ದೈತ್ಯ ಕಾಂತರೋಧ (ಪದರಗಳ ಕಾಂತತ್ವದ ದಿಕ್ಕು ಬದಲಾದರೆ ವಿದ್ಯುತ್ ರೋಧ ಬಹಳ ಬದಲಾಗುವುದು) ಪತ್ತೆಯಾಯಿತು. ಅದಕ್ಕಾಗಿ 2007ರ ಭೌತಶಾಸ್ತ್ರ ನೊಬೆಲ್ ಗ್ರುನ್‌ಬರ್ಗ್ ಅವರಿಗೂ ಅದನ್ನು ಪ್ರತ್ಯೇಕವಾಗಿ ಕಂಡ ಆಲ್ಬರ್ಟ್ ಫರ್ಟ್ ಅವರಿಗೂ ಸಂದಿತು.

ಈ ಜೋಡಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡಲು ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಮುಮ್ಯಾಕ್ಸ್-3 ಎಂಬ ಕಾಂತತ್ವದ ಸಿಮ್ಯುಲೇಶನ್ ತಂತ್ರಾಂಶ ಸಾಕು. ಉಚಿತ, ಮೂಲ ಸಂಕೇತವೂ ಮುಕ್ತ. ಷರತ್ತು ಒಂದೇ, ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕು. ಅದಿಲ್ಲದವರು ಗೂಗಲ್ ಕೋಲ್ಯಾಬ್‌ನಲ್ಲಿ ಓಡಿಸಬಹುದು. ಇನ್‌ಸ್ಟಾಲ್ ಮಾಡುವ ತಾಪತ್ರಯವಿಲ್ಲ: ಜಿಪ್ ಬಿಚ್ಚಿ, ಟರ್ಮಿನಲ್‌ನಲ್ಲಿ ಪ್ರೋಗ್ರಾಂ ಹೆಸರಿನ ನಂತರ ನಿಮ್ಮ ಸ್ಕ್ರಿಪ್ಟ್ ಫೈಲಿನ ಹೆಸರು ಬರೆದರಾಯಿತು. ಶುರುವಿಗೇ ಕುಡಾ (ಎನ್‌ವಿಡಿಯಾ ಕಾರ್ಡಿನಲ್ಲಿ ಲೆಕ್ಕ ಮಾಡಿಸುವ ತಂತ್ರಾಂಶ) ದೋಷ ತೋರಿಸಿ ನಿಂತರೆ ಹೆಚ್ಚಿನ ಸಲ ಕಾರಣ ಹಳೆಯ ಡ್ರೈವರ್. ಅದನ್ನು ಅಪ್‌ಡೇಟ್ ಮಾಡಿ, ಇಲ್ಲವೇ ಹಳೆಯ ಕುಡಾಗೆ ಹೊಂದುವ ಜಿಪ್ ಇಳಿಸಿಕೊಳ್ಳಿ. ಓಡುತ್ತಿರುವಾಗ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 35367ನೇ ಪೋರ್ಟ್ ತೆರೆದರೆ ಕಾಂತತ್ವ ತಿರುಗುವುದನ್ನು ಕಣ್ಣಾರೆ ನೋಡಬಹುದು.

ಮೊದಲು ಪುಟ್ಟ ಮಾದರಿ. ಗ್ರಿಡ್ 10 × 10 × 2, ಪ್ರತಿ ಸೆಲ್ 1 ನ್ಯಾನೋಮೀಟರ್ ಘನ. ಕೆಳಗಿನ ಪದರಕ್ಕೆ ರೀಜನ್ 0, ಮೇಲಿನದಕ್ಕೆ ರೀಜನ್ 1; ಇಲ್ಲಿ ಎಣಿಕೆ ಸೊನ್ನೆಯಿಂದ ಶುರು. ಸಂತೃಪ್ತ (ಗರಿಷ್ಠ) ಕಾಂತತ್ವ ಮೀಟರಿಗೆ 10 ಲಕ್ಷ ಆಂಪಿಯರ್, ಎಕ್ಸ್‌ಚೇಂಜ್ (ಅಕ್ಕಪಕ್ಕದ ಕಾಂತತ್ವಗಳನ್ನು ಒಂದೇ ದಿಕ್ಕಿಗೆ ಹಿಡಿದಿಡುವ ಬಲ) ಸ್ಥಿರಾಂಕ ಮೀಟರಿಗೆ 10 ಪಿಕೋಜೌಲ್. ಹಳೆಯ ಪ್ರಬಂಧಗಳಲ್ಲಿ ಮೊದಲನೆಯದನ್ನು ಘನ ಸೆಂಟಿಮೀಟರಿಗೆ 1000 ಇಎಂಯು ಎಂದು ಕೊಟ್ಟಿರುತ್ತಾರೆ. ಆ 1000ವನ್ನೇ ನಕಲು ಮಾಡಿದರೆ ಸಾವಿರ ಪಟ್ಟು ಬಡಕಲು ಅಯಸ್ಕಾಂತ ತಯಾರಾಗುತ್ತದೆ, ತಂತ್ರಾಂಶ ಚಕಾರ ಎತ್ತುವುದಿಲ್ಲ. ಡೀಮ್ಯಾಗ್, ಅಂದರೆ ಅಯಸ್ಕಾಂತ ತನ್ನ ಮೇಲೆಯೇ ಬೀರುವ ಕ್ಷೇತ್ರದ ಲೆಕ್ಕವನ್ನು ಸದ್ಯಕ್ಕೆ ಆಫ್ ಮಾಡಿಡಿ.

ಇನ್ನು ರುಥೇನಿಯಂ. ಅದಕ್ಕೆ ಸೆಲ್ ಕೊಡಬೇಡಿ. ಎರಡು ಕಾಂತಪದರಗಳನ್ನು ಅಂಟಿಸಿಯೇ ಇಟ್ಟು, ಅವುಗಳ ನಡುವಿನ ಎಕ್ಸ್‌ಚೇಂಜ್ ಅನ್ನು ಸ್ಕೇಲ್‌ಎಕ್ಸ್‌ಚೇಂಜ್ ಆಜ್ಞೆಯಿಂದ ಬದಲಿಸಬೇಕು. ಗುಣಕದ ಲೆಕ್ಕ ಹೀಗೆ: ಜೋಡಣೆಯ ಬಲವನ್ನು ಸೆಲ್ಲಿನ ಎತ್ತರದಿಂದ ಗುಣಿಸಿ, ಎಕ್ಸ್‌ಚೇಂಜ್ ಸ್ಥಿರಾಂಕದ ಎರಡರಷ್ಟರಿಂದ ಭಾಗಿಸಿ. ಚದರ ಮೀಟರಿಗೆ −1 ಮಿಲಿಜೌಲ್ ಜೋಡಣೆಗೆ −0.05 ಬರುತ್ತದೆ. ಸ್ಕ್ರಿಪ್ಟಿನಲ್ಲಿ ಈ ಅಂಕಿ ಬರೆಯದೆ ಸೂತ್ರವನ್ನೇ ಬರೆಯಿರಿ. ನಾಳೆ ಸೆಲ್ ಎತ್ತರವನ್ನು 0.5 ನ್ಯಾನೋಮೀಟರ್ ಮಾಡಿದಾಗ ಗುಣಕ −0.025 ಆಗಬೇಕು, ಕೈಯಲ್ಲಿ ಬರೆದ ಅಂಕಿ ಅಲ್ಲೇ ಉಳಿದು ಜೋಡಣೆ ಇಮ್ಮಡಿಯಾಗಿಬಿಡುತ್ತದೆ. ನಡುವೆ ಖಾಲಿ ಸೆಲ್ ಬಿಟ್ಟರಂತೂ ಪದರಗಳು ಅಕ್ಕಪಕ್ಕದವಲ್ಲವಾಗಿ ಈ ಆಜ್ಞೆಗೆ ಕೆಲಸವೇ ಇಲ್ಲ. ಆಗಲೂ ದೋಷಸಂದೇಶ ಬರುವುದಿಲ್ಲ.

ಆದ್ದರಿಂದಲೇ ಮುಂದೆ ಹೋಗುವ ಮೊದಲು ಕಾಗದದ ಮೇಲೆ ಮಾಡಬಲ್ಲ ಲೆಕ್ಕದೊಂದಿಗೆ ತಾಳೆ ನೋಡಲೇಬೇಕು. ಫಲಿತಾಂಶ ಬರೆಯುವ ಟೇಬಲ್‌ಗೆ ಒಟ್ಟು ಶಕ್ತಿಯ ಕಾಲಂ ಸೇರಿಸಿ. ಎರಡೂ ಪದರ ಒಂದೇ ದಿಕ್ಕಿಗಿರುವಾಗ ಒಮ್ಮೆ, ಮೇಲಿನದನ್ನು ತಿರುಗಿಸಿ ಇನ್ನೊಮ್ಮೆ ಟೇಬಲ್‌ಸೇವ್ ಮಾಡಿ. ವಿಸ್ತೀರ್ಣ 100 ಚದರ ನ್ಯಾನೋಮೀಟರ್ ಇರುವುದರಿಂದ ವ್ಯತ್ಯಾಸ 2 × 10⁻¹⁹ ಜೌಲ್ ಬರಬೇಕು, ವಿರುದ್ಧ ದಿಕ್ಕಿನದೇ ಕಡಿಮೆ ಇರಬೇಕು. ಇಮ್ಮಡಿ ಬಂದರೆ ಸೂತ್ರದ ಎರಡನ್ನು ಮರೆತಿದ್ದೀರಿ. ಒಂದೇ ದಿಕ್ಕಿನದು ಕಡಿಮೆ ಬಂದರೆ ಋಣ ಚಿಹ್ನೆ ಬಿಟ್ಟುಹೋಗಿದೆ.

ಎರಡನೆಯ ಪರೀಕ್ಷೆ ಕಾಂತಕ್ಷೇತ್ರದ್ದು. ಪದರಗಳನ್ನು ಧನ ವೈ ಮತ್ತು ಋಣ ವೈ ದಿಕ್ಕಿಗೆ ನಿಲ್ಲಿಸಿ, ಎಕ್ಸ್ ದಿಕ್ಕಿನ ಕ್ಷೇತ್ರವನ್ನು ಸೊನ್ನೆಯಿಂದ 2.5 ಟೆಸ್ಲಾವರೆಗೆ 0.1ರಂತೆ ಏರಿಸಿ, ಪ್ರತಿ ಹೆಜ್ಜೆಗೂ ರಿಲ್ಯಾಕ್ಸ್ ಮಾಡಿ (ಕಡಿಮೆ ಶಕ್ತಿಯ ಸ್ಥಿತಿಗೆ ಇಳಿಯಲು ಬಿಟ್ಟು) ಟೇಬಲ್ ಉಳಿಸಿ. ಕತ್ತರಿ ಮುಚ್ಚಿದಂತೆ ಎರಡೂ ಎಕ್ಸ್ ಕಡೆಗೆ ವಾಲುತ್ತವೆ. 1 ಟೆಸ್ಲಾದಲ್ಲಿ ಸರಾಸರಿ ಎಕ್ಸ್ ಘಟಕ 0.5, ಅಂದರೆ ಒಂದೊಂದೂ ಕ್ಷೇತ್ರದಿಂದ 60 ಡಿಗ್ರಿ. 2 ಟೆಸ್ಲಾಗೆ ಪೂರ್ತಿ ಮುಚ್ಚುತ್ತದೆ. ಗೆರೆ ನೇರವಾಗಿರಬೇಕು.

ಆರಂಭದಲ್ಲಿ ಪದರಗಳನ್ನು ಎಕ್ಸ್ ಗುಂಟವೇ ಪರಸ್ಪರ ವಿರುದ್ಧವಾಗಿ ನಿಲ್ಲಿಸಿದರೆ ಸರಾಸರಿ ಎಕ್ಸ್ ಘಟಕದ ಕಾಲಂ ಕೊನೆಯವರೆಗೂ ಸೊನ್ನೆಯಲ್ಲೇ ನಿಂತಿರುತ್ತದೆ. ಕಾಂತತ್ವ ಕ್ಷೇತ್ರಕ್ಕೆ ಕರಾರುವಾಕ್ಕಾಗಿ ಸಮಾಂತರವೋ ವಿರುದ್ಧವೋ ಇದ್ದಾಗ ತಿರುಗಿಸುವ ಬಲವೇ ಹುಟ್ಟುವುದಿಲ್ಲ. 3 ಟೆಸ್ಲಾದಿಂದ ಇಳಿಸುತ್ತಾ ಬಂದರೂ ಇದೇ ತೊಡಕು, ಕತ್ತರಿ ಬಿಚ್ಚುವುದೇ ಇಲ್ಲ. ಕ್ಷೇತ್ರವನ್ನು ಒಂದು ಡಿಗ್ರಿ ಓರೆ ಮಾಡುವ ರೂಢಿಯ ಉಪಾಯ ಇಲ್ಲಿ ಫಲಿಸದು, ಏಕೆಂದರೆ ಎರಡೂ ಪದರ ಒಟ್ಟಿಗೇ ಓರೆಯಾಗುತ್ತವೆ. ಒಂದು ಪದರದ ಕಾಂತತ್ವಕ್ಕೆ 0.01, ಇನ್ನೊಂದರದಕ್ಕೆ −0.01 ವೈ ಘಟಕವನ್ನು ಪ್ರತಿ ಹೆಜ್ಜೆಗೂ ಕೊಡಬೇಕು.

ಇಷ್ಟು ತಾಳೆಯಾದರೆ ನಿಜವಾದ ಸಾಧನದ ಅಳತೆಗೆ ಹೋಗಬಹುದು. ಡೀಮ್ಯಾಗ್ ಆನ್ ಮಾಡಿ. ಈ ವಸ್ತುವಿನ ಎಕ್ಸ್‌ಚೇಂಜ್ ಉದ್ದ (ಕಾಂತತ್ವದ ದಿಕ್ಕು ಗಣನೀಯವಾಗಿ ಬದಲಾಗಲು ಬೇಕಾದ ದೂರ) ಸುಮಾರು 4 ನ್ಯಾನೋಮೀಟರ್; ಸೆಲ್ ಅದಕ್ಕಿಂತ ಸಣ್ಣದಿರಲಿ, ಅಡ್ಡಕ್ಕೆ 2 ಇಟ್ಟರೆ ಸಮಾಧಾನ. ಸೆಲ್ ಸಂಖ್ಯೆ 128, 256ರಂಥ ಎರಡರ ಘಾತವಾಗಿದ್ದರೆ ಲೆಕ್ಕ ಬೇಗ ಮುಗಿಯುತ್ತದೆ.

ಪದರಗಳ ದಪ್ಪ ಬೇರೆ ಬೇರೆ ಇದ್ದರೆ ಮುಮ್ಯಾಕ್ಸ್ ಇಕ್ಕಟ್ಟಿಗೆ ಸಿಲುಕುತ್ತದೆ. ಎಲ್ಲ ಸೆಲ್ಲುಗಳಿಗೂ ಒಂದೇ ಎತ್ತರ. 1.5 ಮತ್ತು 2 ನ್ಯಾನೋಮೀಟರ್ ಪದರಗಳಿಗೆ 0.5 ಹೊಂದುತ್ತದೆ, 1.3 ಮತ್ತು 2 ಬಂದರೆ 0.1ಕ್ಕೆ ಇಳಿದು 33 ಸಾಲು ಸೆಲ್ ಹೊರಬೇಕು. ಅಂಥ ಕಡೆ ಇಂಗ್ಲೆಂಡಿನ ಸೆಂಟ್ರಲ್ ಲ್ಯಾಂಕಶೈರ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಬೋರಿಸ್ ಒಳ್ಳೆಯದು. ಅದೂ ಮುಕ್ತ ತಂತ್ರಾಂಶವೇ, ಪದರಕ್ಕೊಂದು ಅಳತೆಯ ಸೆಲ್ ಕೊಡಬಹುದು, ಸ್ಪಿನ್ ಪ್ರವಾಹದ ಲೆಕ್ಕವೂ ಅದರೊಳಗೇ ಇದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ಊಮ್ಫ್ ಇದೆ. ನಿಧಾನ, ಆದರೆ ನಡುವೆ ರುಥೇನಿಯಂ ಜಾಗ ಬಿಟ್ಟೇ ಎರಡು ಮೇಲ್ಮೈಗಳನ್ನು ಜೋಡಿಸುವ ಸೌಲಭ್ಯ ಅದರಲ್ಲಿದೆ. ಯಾವುದನ್ನೇ ಹಿಡಿದರೂ ಆ 10 × 10 ಮಾದರಿಯನ್ನು ಮೊದಲು ಓಡಿಸಿ, 1 ಟೆಸ್ಲಾ ಸಾಲಿನಲ್ಲಿ 0.5 ಬಂತೇ ಎಂದು ನೋಡಿ.