ಮೂರೂ ದೀಪ ಹತ್ತಿದ್ದವು, ಮೋಟರ್ ತಿರುಗಲಿಲ್ಲ

“ತಮ್ಮಾ, ಮೂರೂ ಲೈಟ್ ಹತ್ತ್ಯಾವು. ಮೋಟ್ರು ಗುಂಯ್ ಅಂತೈತಿ, ತಿರಗವಲ್ದು. ಆಮ್ಯಾಲೆ ಟ್ರಿಪ್ ಆಗತೈತಿ.”

ಲಕ್ಕುಂಡಿ ಕಡೆಯ ಕಾಕಾ ಒಬ್ಬರ ಫೋನು. ನಾನು ಗದಗದಲ್ಲಿ, ಮುಳಗುಂದ ನಾಕಾದ ಹತ್ತಿರ, ಪಂಪ್‌ಸೆಟ್ಟಿನ ಸ್ಟಾರ್ಟರ್ (ಮೋಟರ್ ಚಾಲೂ ಮಾಡುವ ಡಬ್ಬಿ) ರಿಪೇರಿ ಮಾಡುತ್ತ ಕೂತವನು. ಕಾಕಾ ಅವರ ಸ್ಟಾರ್ಟರಿನ ಮೇಲೆ ಕರೆಂಟಿನ ಮೂರು ಫೇಸಿಗೆ, ಅಂದರೆ ಮೂರು ತಂತಿಗೆ, ಒಂದೊಂದು ದೀಪ. ಕೈಯಲ್ಲಿನ ಕೆಲಸ ಬಿಡದೆ ಹೇಳಿಬಿಟ್ಟೆ: “ಮೂರೂ ಹತ್ತ್ಯಾವಂದ್ರ ಫೇಸ್ ಬರೋಬರಿ ಅದಾವ ಕಾಕಾ. ಪಂಪ್ ಜಾಮ್ ಆಗಿರಬೇಕು, ಬಿಚ್ಚಿ ನೋಡ್ರಿ.”

ಅವರು ಬಿಚ್ಚಿದರು. ಬಾವಿಯ ದಂಡೆಯ ಮೇಲೆ ಅರ್ಧ ದಿನ ಹೋಯಿತು. ಪಂಪಿನೊಳಗಿನ ಚಕ್ರ, ಇಂಪೆಲ್ಲರ್, ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗುತ್ತಿತ್ತು. ಸಂಜೆ ನಾನೇ ಹೋದೆ.

ಮೋಟರ್ ಬಂದ್ ಇದ್ದಾಗ ಸ್ಟಾರ್ಟರಿಗೆ ಬರುವ ತಂತಿಗಳಿಗೆ ಮೀಟರ್ ಇಟ್ಟೆ. ಆರ್ (ಕೆಂಪು) ಫೇಸು 230 ವೋಲ್ಟ್, ವೈ (ಹಳದಿ) 230, ಬಿ (ನೀಲಿ) ಸೊನ್ನೆ. ಬೋರ್ಡಿನ ಕಿಟ್‌ಕ್ಯಾಟ್‌ನಲ್ಲಿ ಒಂದು ಫ್ಯೂಜ್ ತಂತಿ ಕರಗಿತ್ತು, ಅಷ್ಟೇ. ಹಾಗಾದರೆ ನೀಲಿ ದೀಪ ಹತ್ತಿದ್ದು ಯಾವ ಕರೆಂಟಿಗೆ?

ಆ ದೀಪಗಳನ್ನು ಹಾಕಿದವನು ನಾನೇ. ಮೊದಲು ಅಲ್ಲಿ ತಂತಿಯ ಸಣ್ಣ ಬಲ್ಬುಗಳಿದ್ದವು, ಪದೇ ಪದೇ ಹೋಗುತ್ತಿದ್ದವು. ತೆಗೆದು ಎಲ್‌ಇಡಿ ಹಾಕುವಾಗ ಕಾಂಟ್ಯಾಕ್ಟರಿನ (ಮೋಟರಿಗೆ ಕರೆಂಟು ಜೋಡಿಸುವ ಸ್ವಿಚ್ಚಿನ) ಕೆಳಗಿನ ತುದಿಗಳು ಖಾಲಿ ಕಂಡವು, ಅಲ್ಲಿಗೇ ಜೋಡಿಸಿದೆ. ಮೋಟರ್ ಚಾಲೂ ಮಾಡಿದಾಗ ಮಾತ್ರ ದೀಪ ಹತ್ತುತ್ತವೆ, ನೋಡಲಿಕ್ಕೂ ಚಂದ ಅಂದುಕೊಂಡಿದ್ದೆ.

ಕೆಳಗಿನ ತುದಿ ಅಂದರೆ ಮೋಟರಿನ ಕಡೆ. ಕಾಂಟ್ಯಾಕ್ಟರನ್ನು ಎಳೆದು ಹಿಡಿಯುವ ಕಾಯಿಲ್ ಆರ್ ಮತ್ತು ವೈ ನಡುವೆ ಇದ್ದದ್ದರಿಂದ ಬಿ ಇಲ್ಲದಿದ್ದರೂ ಕಾಂಟ್ಯಾಕ್ಟರ್ ಎಳೆಯಿತು. ಎರಡು ಫೇಸು ಮೋಟರಿನ ವೈಂಡಿಂಗಿನೊಳಗೆ (ತಂತಿಯ ಸುತ್ತಿನೊಳಗೆ) ಹೋದವು, ಮೂರನೆಯ ತುದಿ ಆ ಎರಡರ ನಟ್ಟನಡುವೆ ನಿಂತಿತು. ನ್ಯೂಟ್ರಲ್‌ಗೆ ಅಳೆದರೆ ಅಲ್ಲಿ ಸುಮಾರು 115 ವೋಲ್ಟ್. ಒಂದೇ ಕ್ಷಣ ಬಟನ್ ಒತ್ತಿಸಿ ನೋಡಿದೆ, ಹೆಚ್ಚುಕಡಿಮೆ ಅಷ್ಟೇ ಬಂತು. ಮೋಟರ್ ಒಳಗಿಂದ ತಿರುಗಿ ಬಂದ ಕರೆಂಟಿಗೆ ನನ್ನ ನೀಲಿ ದೀಪ ಹತ್ತಿತ್ತು.

ಹಳೆಯ ಬಲ್ಬೇ ಇದ್ದಿದ್ದರೆ ಕಾಕಾ ಅವರೇ ಹಿಡಿಯುತ್ತಿದ್ದರು. ಅರ್ಧ ವೋಲ್ಟೇಜಿಗೆ ಅದರ ತಂತಿ ಕೆಂಡದ ಹಾಗೆ ಕೆಂಪಗೆ ಮಿಣುಕುತ್ತದೆ, ಸಣ್ಣ ಹುಡುಗನಿಗೂ ಫರಕು ಗೊತ್ತಾಗುತ್ತದೆ. ಎಲ್‌ಇಡಿಯ ಲೆಕ್ಕ ಬೇರೆ. ನೀಲಿಯದು ತನಗೆ ಬೇಕಾದ ಸುಮಾರು 3 ವೋಲ್ಟ್ ಇಟ್ಟುಕೊಂಡು (ಕೆಂಪಿಗೆ 2 ಸಾಕು) ಉಳಿದದ್ದನ್ನೆಲ್ಲ ರೆಸಿಸ್ಟರಿನ ಮೇಲೆ ಹಾಕುತ್ತದೆ. 230 ಇದ್ದಾಗ ರೆಸಿಸ್ಟರಿನ ಪಾಲು 227, 115 ಇದ್ದಾಗ 112. ಕರೆಂಟು ಅರ್ಧಕ್ಕೆ ಇಳಿಯಿತು, ಬೆಳಕೂ ಸುಮಾರು ಅರ್ಧ. ಆದರೆ ಬೆಳಕು ಅರ್ಧ ಆದರೆ ನಮ್ಮ ಕಣ್ಣಿಗೆ ಅರ್ಧ ಆದಂತೆ ಕಾಣುವುದಿಲ್ಲ, ತುಸು ಮಂಕು ಅನ್ನಿಸುತ್ತದೆ ಅಷ್ಟೇ. ಮಟಮಟ ಮಧ್ಯಾಹ್ನ, ಹೊಲದ ಶೆಡ್ಡಿನಲ್ಲಿ, ಅದೂ ಇಲ್ಲ. ಫೋನಿನಲ್ಲಿ ಕೂತ ನನಗಂತೂ ಮೊದಲೇ ಇಲ್ಲ.

ಅಂದಿನಿಂದ ದೀಪಗಳನ್ನು ಕಾಂಟ್ಯಾಕ್ಟರಿನ ಮೇಲಿನ ತುದಿಗೇ, ಕರೆಂಟು ಬರುವ ಕಡೆಗೇ ಕೊಡುತ್ತೇನೆ. ಅದರಲ್ಲೂ ಒಂದು ತೊಡಕಿದೆ. ಮೋಟರ್ ತಿರುಗುತ್ತಿರುವಾಗಲೇ ಒಂದು ಫೇಸು ಹೋದರೆ ಅದು ಎರಡರ ಮೇಲೇ ತಿರುಗುತ್ತ ಮೂರನೆಯ ವೋಲ್ಟೇಜನ್ನು ತಾನೇ ಹುಟ್ಟಿಸಿ ಮೇಲಕ್ಕೂ ಕಳಿಸುತ್ತದೆ. ದೀಪ ಆಗಲೂ ಆರುವುದಿಲ್ಲ, ವೈಂಡಿಂಗು ಮಾತ್ರ ಒಳಗೆ ಬಿಸಿಯಾಗುತ್ತಿರುತ್ತದೆ. ಆದ್ದರಿಂದ ಬಟನ್ ಒತ್ತುವ ಮೊದಲು ದೀಪ ನೋಡಬೇಕು. ಓಡುವಾಗಿನ ಕಾವಲಿಗೆ, ಒಂದು ಫೇಸು ಹೋದರೆ ಮೋಟರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಬೇಕೇ ಬೇಕು, ಅದಿಲ್ಲದೆ ನಾನು ಈಗ ಪ್ಯಾನಲ್ ಕೊಡುವುದಿಲ್ಲ.

ದೀಪವನ್ನೇ ರಿಪೇರಿ ಮಾಡಲು ಹೋಗಿ ಕೈ ಸುಟ್ಟುಕೊಂಡದ್ದೂ ಉಂಟು. ಎಲ್‌ಇಡಿ ಉಲ್ಟಾ ದಿಕ್ಕಿನ ವೋಲ್ಟೇಜನ್ನು ಐದು ವೋಲ್ಟಿನಷ್ಟು ತಡೆದರೆ ಹೆಚ್ಚು, ಅದಕ್ಕೆ ಪಕ್ಕದಲ್ಲಿ ಉಲ್ಟಾ ಮಾಡಿ 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು) ಹಾಕಬೇಕು. ಅಷ್ಟು ಗೊತ್ತಿತ್ತು, ಹಾಕಿದೆ. ರೆಸಿಸ್ಟರ್ ಮಾತ್ರ ಡಬ್ಬಿಯಲ್ಲಿ ಸಿಕ್ಕ ಕಾಲು ವ್ಯಾಟಿನ 47 ಕೆ (ಕಿಲೋಓಮ್). ಅದರ ಮೇಲೆ ಬೀಳುವ ಶಾಖ ಒಂದು ವ್ಯಾಟಿಗೂ ಹೆಚ್ಚು ಎಂದು ಕಪ್ಪಗಾದ ಮೇಲೆ ಲೆಕ್ಕ ಹಾಕಿದೆ. 230 ವೋಲ್ಟ್ ಅಂದರೆ ಅಲೆಯ ನೆತ್ತಿಯಲ್ಲಿ 325 ಮುಟ್ಟುತ್ತದೆ ಎಂಬುದೂ ಆಗಲೇ ನೆನಪಾದದ್ದು. ಶಾಖವನ್ನೂ ವೋಲ್ಟೇಜನ್ನೂ ಹಂಚಿಕೊಳ್ಳಲಿ ಎಂದು ಈಗ ಒಂದೊಂದು ವ್ಯಾಟಿನ 33 ಕೆ ಎರಡನ್ನು ಸಾಲಾಗಿ ಹಾಕುತ್ತೇನೆ. ಮೂರೂವರೆ ಮಿಲಿಆಂಪ್ ಹರಿಯುತ್ತದೆ, ಸೂಚನಾ ದೀಪಕ್ಕೆ ಧಾರಾಳ ಆಯಿತು.

ಕಾಕಾ ನಾಲ್ಕು ಸಲ ರಿಸೆಟ್ ಒತ್ತಿದ್ದರಂತೆ. ಕರೆಂಟು ಮಿತಿ ಮೀರಿದರೆ ಮೋಟರ್ ಬಂದ್ ಮಾಡುವ ರಿಲೇ ಪ್ರತಿ ಸಲವೂ ಬಿಡಿಸಿಕೊಂಡಿತ್ತು, ವೈಂಡಿಂಗ್ ಉಳಿದಿತ್ತು. ಫ್ಯೂಜ್ ಕಟ್ಟಿ, ದೀಪದ ತಂತಿ ಮೇಲಕ್ಕೆ ಬದಲಿಸಿ, ಪಂಪಿಗೆ ಹೊಸ ಗ್ಯಾಸ್ಕೆಟ್ ಕೂರಿಸುವಷ್ಟರಲ್ಲಿ ಕತ್ತಲಾಗಿತ್ತು. ನೀರು ಉಳ್ಳಾಗಡ್ಡಿ ಮಡಿಗೆ ಬಿದ್ದ ಮೇಲೆ ರೊಕ್ಕ ಎಷ್ಟು ಅಂತ ಕೇಳಿದರು.

“ಗ್ಯಾಸ್ಕೆಟ್ ನನ್ನ ಲೆಕ್ಕಕ್ಕ ಇರ್ಲಿ, ಬಿಡ್ರಿ ಕಾಕಾ” ಅಂದೆ.