ಇಲ್ಲದ ಆರ್ಕೆಸ್ಟ್ರಾದ ಹಳೆಯ ಹಾಡುಗಳು

ನಮ್ಮ ಆರ್ಕೆಸ್ಟ್ರಾಕ್ಕೆ ಹೆಸರಿಡುವವರು ಪ್ರೇಕ್ಷಕರು. ಪ್ರದರ್ಶನದ ಆರಂಭದಲ್ಲಿ ಅವರಿಂದ ಒಂದು ಊರಿನ ಹೆಸರು, ಅಡುಗೆಮನೆಯ ಒಂದು ವಸ್ತುವಿನ ಹೆಸರು ಕೇಳುತ್ತೇವೆ. ಒಬ್ಬರು ತಿಪಟೂರು ಎಂದು, ಇನ್ನೊಬ್ಬರು ಕುಕ್ಕರ್ ಎಂದು ಕೂಗಿದರೆ ಆ ಸಂಜೆಯ ಮಟ್ಟಿಗೆ ನಾವು ‘ತಿಪಟೂರು ಕುಕ್ಕರ್ ಮೆಲೋಡೀಸ್’. ವರ್ಷಾನುಗಟ್ಟಲೆ ಗಣೇಶೋತ್ಸವ, ರಾಜ್ಯೋತ್ಸವಗಳಲ್ಲಿ ಹಾಡಿ, ಜಗಳವಾಡಿ ಚದುರಿಹೋಗಿ, ಇಂದು ಮತ್ತೆ ಒಂದಾದವರು ಎಂಬುದು ನಾವು ಕಟ್ಟುವ ಕಥೆ. ಹಾಡುವುದೆಲ್ಲ ನಮ್ಮ ‘ಹಳೆಯ ಜನಪ್ರಿಯ ಗೀತೆ’. ಆದರೆ ಅವುಗಳಲ್ಲಿ ಒಂದು ಸಾಲೂ ಹಾಡುವ ಹಿಂದಿನ ಕ್ಷಣದವರೆಗೆ ಇರುವುದಿಲ್ಲ, ಎಲ್ಲ ವೇದಿಕೆಯ ಮೇಲೆಯೇ ಹುಟ್ಟುತ್ತದೆ. ನಾನು ಕೀಬೋರ್ಡ್ ನುಡಿಸುತ್ತೇನೆ.

ಸ್ಥಳದಲ್ಲೇ ಸಂಗೀತ ಪ್ರಹಸನ ಕಟ್ಟುವ ತಂಡಗಳು ಹೊರದೇಶಗಳಲ್ಲಿ ಬಹಳ ಇವೆ. ಲಂಡನ್ನಿನ ಒಂದು ತಂಡಕ್ಕೆ 2016ರಲ್ಲಿ ಅಲ್ಲಿನ ರಂಗಭೂಮಿಯ ಒಲಿವಿಯರ್ ಪ್ರಶಸ್ತಿಯೂ ಬಂತು. ನಾವೂ ಮೊದಲು ರಾಕ್ ಬ್ಯಾಂಡಿನ ವೇಷವನ್ನೇ ಯೋಚಿಸಿದ್ದೆವು. ಆದರೆ ಬೆಂಗಳೂರಿನ ಬಡಾವಣೆಯಲ್ಲಿ ಬೆಳೆದವರ ಕಿವಿಯಲ್ಲಿರುವುದು ಆರ್ಕೆಸ್ಟ್ರಾ: ರಿದಂ ಪ್ಯಾಡ್, ಹೊಳೆಯುವ ಕೋಟು, ಹಾಡಿನ ನಡುವೆ ‘ಗೇಟಿನ ಮುಂದೆ ಬಿಳಿ ಕಾರು ನಿಲ್ಲಿಸಿದವರು ದಯವಿಟ್ಟು ತೆಗೆಯಿರಿ’ ಎನ್ನುವ ನಿರೂಪಕ. ಇದನ್ನೆಲ್ಲ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ.

ನಗು ಹಾಡಿನ ಮಾತಿಗಿಂತ ಹೆಚ್ಚಾಗಿ ಹಾಡುವವರ ಒಳಜಗಳದಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಗಾಯಕರೂ ಡೋಲಕ್ ವಾದಕರೂ ಷಾಮಿಯಾನದ ಬಾಡಿಗೆ ವಿಚಾರದಲ್ಲಿ ಮಾತು ಬಿಟ್ಟವರು, ಇವತ್ತು ಒಂದೇ ವೇದಿಕೆಯಲ್ಲಿದ್ದಾರೆ’ ಎಂದು ನಿರೂಪಕ ಹೇಳಿಬಿಟ್ಟರೆ ಆಮೇಲೆ ಪ್ರೇಮಗೀತೆ ಹಾಡಿದರೂ ಬಾಡಿಗೆಯ ವಾಸನೆ ಹೊಡೆಯುತ್ತದೆ. ಆ ಜಗಳವನ್ನು ಇಬ್ಬರೂ ಅಲ್ಲಗಳೆಯುವಂತಿಲ್ಲ. ಬೇಕಾದರೆ ಬಾಡಿಗೆಯ ಮೊತ್ತವನ್ನು ತಿದ್ದಬಹುದು. ವೇಷ, ಕುಣಿತಗಳಿಲ್ಲದ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ ಎದುರಾಳಿಯ ಮಾತನ್ನು ಹಿಡಿದೇ ತನ್ನ ಮಾತು ಬೆಳೆಸುತ್ತಾನಲ್ಲ, ನಮ್ಮ ನಿಯಮವೂ ಅದೇ. ಸಿನಿಮಾ ಧಾಟಿಗೆ ಅಣಕು ಹಾಡು ಕಟ್ಟುವುದನ್ನು ಮಾತ್ರ ನಾವು ಇಟ್ಟುಕೊಂಡಿಲ್ಲ. ಅಲ್ಲಿ ಅರ್ಧ ಚಪ್ಪಾಳೆ ಮೂಲ ಹಾಡಿಗೇ ಹೋಗುತ್ತದೆ.

ನಮಗೆ ನಿಜವಾದ ತಲೆನೋವು ಪ್ರಾಸ. ಇಂಗ್ಲಿಷ್ ತಂಡಗಳನ್ನು ನೋಡಿ ಸಾಲಿನ ಕೊನೆಯಲ್ಲಿ ಪ್ರಾಸ ಹಾಕುತ್ತಿದ್ದೆವು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬಂದೆನು, ನಿಂತೆನು, ತಿಂದೆನು ಎಂದು ಪ್ರಾಸ ತಾನಾಗಿ ಕೂಡಿಕೊಳ್ಳುತ್ತದೆ. ಇಷ್ಟು ಸಲೀಸಾಗಿ ಸಿಕ್ಕಿದ್ದಕ್ಕೆ ಯಾರೂ ಬೆರಗಾಗುವುದಿಲ್ಲ. ಆಗ ನಮ್ಮ ಗಾಯಕಿ ಹಳಗನ್ನಡದ ಆದಿಪ್ರಾಸ ಹಿಡಿದಳು, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ. ಮಂಜೇಶ್ವರದ ಕವಿ ಗೋವಿಂದ ಪೈಗಳು 1911ರಲ್ಲೇ ಕೈಬಿಟ್ಟದ್ದನ್ನು ನಾವು ಟ್ಯಾಂಕರ್ ನೀರಿಗಾಗಿ ಮತ್ತೆ ಎತ್ತಿಕೊಂಡೆವು! ಪ್ರೇಕ್ಷಕರೊಬ್ಬರು ಕೊಟ್ಟ ವಿಷಯ ಅದು. ಅವಳು ಹಾಡಿದ್ದು ಹೀಗೆ:

ನೀರಿನ ಟ್ಯಾಂಕರು ಬರುವಾ ಹೊತ್ತಲ್ಲಿ
ಜಾರಿತು ಮನಸು ನಿನ್ನಯ ಬೀದಿಯಲ್ಲಿ
ಸೇರಿಸಿ ಇಟ್ಟ ಬಿಂದಿಗೆ ಸಾಲಲ್ಲಿ
ಯಾರದು ಮೊದಲು? ನಿಮ್ಮಮ್ಮನದು!

ಮೊದಲ ಸಾಲು ಬಾಯಿಂದ ಹೊರಬಿದ್ದೊಡನೆ ‘ರ’ಕಾರ ನಿಶ್ಚಯವಾಗುತ್ತದೆ. ಸಾಲಿನ ಆರಂಭದಲ್ಲೇ ಪ್ರಾಸದ ಸಾಲ ತೀರಿಸಿದಂತಾಗಿ, ಕೊನೆಯ ಪದ ತಮಾಷೆಗೆ ಮುಕ್ತವಾಗಿ ಉಳಿಯುತ್ತದೆ. ಮೂರು ಸಾಲು ‘ಲ್ಲಿ’ಯಲ್ಲಿ ಮುಗಿದ ಮೇಲೆ ನಾಲ್ಕನೆಯದೂ ಹಾಗೆಯೇ ಮುಗಿಯುತ್ತದೆಂದು ಕಿವಿ ಕಾಯುತ್ತಿರುತ್ತದೆ, ಅಲ್ಲಿ ‘ಅಮ್ಮ’ ಬಂದದ್ದಕ್ಕೆ ಸಭೆ ನಕ್ಕಿತು. ಅಭ್ಯಾಸದಲ್ಲಿ ಈಗ ಒಬ್ಬರು ಒಂದು ವ್ಯಂಜನ ಕೊಡುತ್ತಾರೆ, ಉಳಿದವರು ತಾಳ ತಪ್ಪದೆ ಸರದಿಯ ಮೇಲೆ ಒಂದೊಂದು ಸಾಲು ಹೇಳುತ್ತಾರೆ. ‘ಣ’ ಕೊಟ್ಟವರಿಗೆ ಕಾಫಿ ಇಲ್ಲ.

ಕೀಬೋರ್ಡಿನವನ ಕೆಲಸ ಇದಕ್ಕಿಂತ ಸರಳ, ಆದರೆ ಕಣ್ಣು ಸದಾ ಗಾಯಕರ ಮುಖದ ಮೇಲಿರಬೇಕು. ನಾಲ್ಕು ಸ್ವರಮೇಳಗಳ (ಕಾರ್ಡ್‌ಗಳ) ಒಂದು ಸುತ್ತು ಸಾಕು. ಜಾನಪದ ಛಾಯೆ ಬೇಕಾದರೆ ಆರು ಮಾತ್ರೆಯ ನಡೆ, ವಿರಹಕ್ಕೆ ನಿಧಾನದ ನಾಲ್ಕು. ಪಲ್ಲವಿ ಚಿಕ್ಕದಿರಬೇಕು, ಎರಡನೆಯ ಬಾರಿಗೆ ಪ್ರೇಕ್ಷಕರೂ ದನಿಗೂಡಿಸಿದರೆ ಅದು ನಿಜಕ್ಕೂ ಹಳೆಯ ಹಾಡೇ ಎನಿಸಿಬಿಡುತ್ತದೆ. ಚರಣಕ್ಕೆ ಮಾತು ಹೊಳೆಯದೆ ಗಾಯಕಿ ಸೀರೆಯ ಸೆರಗು ಸರಿಪಡಿಸಿಕೊಂಡರೆ ನಾನು ನಡುಸಂಗೀತವನ್ನು ಇನ್ನೊಂದು ಸುತ್ತು ಎಳೆಯುತ್ತೇನೆ. ಜಾಸ್ ವಾದಕರಿಂದ ಎರಡು ಸನ್ನೆ ಪಡೆದಿದ್ದೇವೆ: ತಲೆ ಮುಟ್ಟಿಕೊಂಡರೆ ಪಲ್ಲವಿಗೆ ಮರಳಬೇಕು, ಮುಷ್ಟಿ ಎತ್ತಿದರೆ ಮುಗಿಸಬೇಕು. ಯಕ್ಷಗಾನದ ಭಾಗವತರಿಗೆ ಇದಕ್ಕೆಲ್ಲ ಜಾಗಟೆಯೇ ಸಾಕು. ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು.

ಹೊಸದಾಗಿ ಶುರು ಮಾಡುವವರು ವಾದ್ಯಗಳ ಮೇಲೆ ಹೆಚ್ಚು ಹಣ ಸುರಿಯಬೇಕಿಲ್ಲ. ಮೂವರು ಹಾಡುವವರಿದ್ದರೆ ಎರಡೇ ಮೈಕ್ ಇಟ್ಟುಕೊಳ್ಳಿ, ಅದೂ ತಂತಿಯದು. ಮೂರನೆಯವರು ಮೈಕಿಗಾಗಿ ಕಾಯುತ್ತ ನಿಂತ ರೀತಿಯಲ್ಲೇ ಆ ಆರ್ಕೆಸ್ಟ್ರಾ ಏಕೆ ಒಡೆಯಿತೆಂದು ಪ್ರೇಕ್ಷಕರಿಗೆ ಗೊತ್ತಾಗಿಬಿಡುತ್ತದೆ.